ನೀಲಿ ಸಾಲಿನ ಹುಡುಗ

ಜನವರಿ ಏಳನೇ ತಾರೀಖು, ಬುಧವಾರ, ಮಾರ್ಕೆಲ್ ಗಿಡ್ರಿಯ ಹೆಸರು ಪೋರ್ಟಲ್‌ಗೆ ಹೋಯಿತು. ಹಾಕು ಎಂದು ಹೇಳಿದವಳು ಅವನ ತಾಯಿ ಆರ್ನೆಟಾ.

ಪೋರ್ಟಲ್ ಎಂದರೆ ಒಂದು ಪಟ್ಟಿ. ಕಾಲೇಜು ಬದಲಿಸಬೇಕೆನ್ನುವ ಅಮೆರಿಕನ್ ಫುಟ್‌ಬಾಲ್ ಆಟಗಾರರು ಜನವರಿಯ ಮೊದಲ ಎರಡು ವಾರ ಅದರಲ್ಲಿ ಹೆಸರು ಬರೆಸುತ್ತಾರೆ. ದೇಶದ ಕೋಚ್‌ಗಳೆಲ್ಲ ಅದನ್ನು ನೋಡಿ ತಮಗೆ ಬೇಕಾದವರನ್ನು ಕರೆಯುತ್ತಾರೆ. ಆರ್ನೆಟಾಳಿಗೆ ಮಗ ಕಾಲೇಜು ಬದಲಿಸುವುದು ಬೇಕಿರಲಿಲ್ಲ. ಅವನು ಮಾರ್ಲೋದ ಯೂನಿವರ್ಸಿಟಿಯಲ್ಲೇ ಇನ್ನೊಂದು ವರ್ಷ ಇದ್ದು, ಭೂಮಾಪನದ ಡಿಗ್ರಿ ಮುಗಿಸಿ, ಕರಿ ಗೌನು ತೊಟ್ಟು ವೇದಿಕೆ ಹತ್ತಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ. ಹೆಸರು ಹಾಕಿಸಿದ್ದು ಬೆದರಿಸಲಿಕ್ಕೆ.

ಬೆದರಿಸಿದರೆ ಕೆಲಸ ಆಗುತ್ತದೆ ಎಂದು ಅವಳು ಯಾರಿಂದಲೋ ಕೇಳಿ ತಿಳಿದವಳಲ್ಲ. ಸಾಂಟೆಲ್ ಊರಿನ ಶಾಲೆಯ ಹಳದಿ ಬಸ್ಸನ್ನು ಅವಳು ಹತ್ತೊಂಬತ್ತು ವರ್ಷದಿಂದ ಓಡಿಸುತ್ತಿದ್ದಳು. ಐದು ವರ್ಷದ ಹಿಂದೆ, ಊರಲ್ಲಿ ಡ್ರೈವರುಗಳೇ ಸಿಗದ ಕಾಲದಲ್ಲಿ, ಒಂದು ಬೆಳಿಗ್ಗೆ ಬಸ್ಸಿನ ಕೀಯನ್ನು ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟು ಮನೆಗೆ ನಡೆದುಬಂದಿದ್ದಳು. ಮಧ್ಯಾಹ್ನದೊಳಗೆ ಅವರೇ ಕಾರಿನಲ್ಲಿ ಬಂದು, ಮೆಟ್ಟಿಲ ಮೇಲೆ ನಿಂತು, ಗಂಟೆಗೆ ಎರಡೂಕಾಲು ಡಾಲರ್ ಹೆಚ್ಚಿಗೆ ಕೊಡುವುದಾಗಿ ಹೇಳಿ ಕೀ ವಾಪಸ್ ಕೈಗಿತ್ತರು. ಆ ದಿನ ಅವಳು ಬೀನ್ಸ್ ಬೇಯಿಸಲು ಇಟ್ಟಿದ್ದಳು. ಅದು ಬೇಯುವಷ್ಟರಲ್ಲಿ ಸಂಬಳ ಏರಿತ್ತು.

ಅದಕ್ಕೇ, ಮಗನ ಹೆಸರು ಹಾಕಿಸುವ ಹಿಂದಿನ ಭಾನುವಾರ ಚರ್ಚ್ ಮುಗಿಸಿ ಬಂದು ಅಡುಗೆಮನೆಯ ಮೇಜಿಗೆ ಕೂತಾಗ, ಮಾತು ಅಲ್ಲಿಗೇ ಬಂತು.

"ನಾಲ್ಕು ಲಕ್ಷ ಡಾಲರ್," ಎಂದ ಮಾರ್ಕೆಲ್. "ಅವನೇ ಫೋನಲ್ಲಿ ತೋರಿಸ್ದ. ಊಟದ ಸಾಲಲ್ಲಿ ನಿಂತಿದ್ವಿ. ಜಂಬಕ್ಕಲ್ಲ ಅಮ್ಮಾ, ಪಾಪದವನು. ನಿಂಗೆಷ್ಟು ಅಂತ ಕೇಳ್ದ."

"ನೀನೇನಂದೆ?"

"ಕೋಳಿ ಹಾಕಿಸ್ಕೊಂಡೆ."

ಅವನು ಹೇಳುತ್ತಿದ್ದದ್ದು ಮೈದಾನದಲ್ಲಿ ತನ್ನ ಬಲಕ್ಕೆ ನಿಲ್ಲುವ ಆಟಗಾರನ ಬಗ್ಗೆ. ಹೋದ ವರ್ಷ ಇನ್ನೊಂದು ಕಾಲೇಜಿನಿಂದ ಬಂದವನು. ಮಾರ್ಕೆಲ್ ಸೆಂಟರ್. ಸಾಲಿನ ನಟ್ಟನಡುವೆ ಬಗ್ಗಿ ನಿಂತು, ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಟ್ಟು, ತಲೆಯೆತ್ತುವಷ್ಟರಲ್ಲಿ ಎದುರಿನವನ ಪೂರ್ತಿ ಭಾರವನ್ನು ಎದೆಯ ಮೇಲೆ ತಗೊಳ್ಳುವವನು. ಸೆಂಟರ್ ತಪ್ಪು ಮಾಡಿದ ದಿನ ಮಾತ್ರ ಜನ ಅವನ ಹೆಸರು ಕೇಳುತ್ತಾರೆ. ಮೂರು ವರ್ಷದಲ್ಲಿ ಮಾರ್ಕೆಲ್‌ನ ಹೆಸರನ್ನು ಯಾರೂ ಕೇಳಿರಲಿಲ್ಲ. ಯೂನಿವರ್ಸಿಟಿ ಅವನಿಗೆ ಫೀಸು, ಊಟ, ಕೋಣೆಯ ಜೊತೆಗೆ ವರ್ಷಕ್ಕೆ ನಲವತ್ತು ಸಾವಿರ ಕೊಡುತ್ತಿತ್ತು.

"ಯಾರನ್ನ ತಡೀಬೇಕು ಅಂತ ಪ್ರತಿ ಸಲ ಅವನಿಗೆ ನಾನೇ ಹೇಳ್ಬೇಕು. ಹೇಳ್ದಿದ್ರೆ ಗಾಳೀನ ತಡೀತಾನೆ," ಎಂದ.

"ಗಾಳಿ ತಡೆಯೋಕೆ ನಾಲ್ಕು ಲಕ್ಷ," ಎಂದ ಲೂಸಿಯನ್. "ನೋಡಿದ್ಯಾ ಅಕ್ಕಾ?"

ಲೂಸಿಯನ್ ಅವಳ ತಮ್ಮ. ಹೆದ್ದಾರಿ ಬದಿಯಲ್ಲಿ ಹಳೇ ಕಾರು ಮಾರುತ್ತಿದ್ದ. ಹೋದ ವರ್ಷ ಕಾಲೇಜುಗಳು ಹುಡುಗರಿಗೆ ನೇರವಾಗಿ ದುಡ್ಡು ಕೊಡಲು ಶುರುಮಾಡಿದ ಮೇಲೆ, ಆಟಗಾರರ ಏಜೆಂಟ್ ಎಂದು ಕಾರ್ಡು ಅಚ್ಚು ಹಾಕಿಸಿಕೊಂಡಿದ್ದ. ಅವನ ಕೈಯಲ್ಲಿ ಇದ್ದ ಆಟಗಾರ ಒಬ್ಬನೇ, ಅಕ್ಕನ ಮಗ. ನೂರಕ್ಕೆ ಹತ್ತು ತಗೊಳ್ಳುತ್ತಿದ್ದ.

"ಇದು ಕಾರ್ ಮಾರೋ ಹಾಗೇನೇ," ಎಂದ. "ಗಿರಾಕಿ ಬಾಗಿಲ ಕಡೆ ಹೊರಟ್ರೇ ಬೆಲೆ ಇಳಿಯೋದು."

"ಇಲ್ಲಿ ಬೆಲೆ ಏರ್ಬೇಕಲ್ಲೋ."

"ಅದೂ ಹಾಗೇನೇ."

"ನೀನು ಮಾರಿದ ಕಾರಲ್ಲಿ ಎಷ್ಟು ಓಡ್ತಿವೆ ಈಗ?"

"ಮೂರು. ಅದರಲ್ಲೊಂದು ನಿನ್ನದೇ. ಬಾಯಿ ಮುಚ್ಕೊಂಡು ಬೀನ್ಸ್ ಬಡಿಸು."

ಮಾರ್ಕೆಲ್ ನಗಲಿಲ್ಲ. ಚಮಚದಲ್ಲಿ ಅನ್ನವನ್ನು ಒಂದು ಕಡೆಗೆ ಒತ್ತುತ್ತಿದ್ದ. "ಮೊದಲು ಕೋಚ್ ಹ್ಯಾಲ್‌ಬ್ರುಕ್‌ಗೆ ಒಂದು ಮಾತು ಹೇಳ್ಲಾ ಅಮ್ಮಾ?"

"ಹೇಳಿದ್ರೆ ಅದು ಅರ್ಜಿ ಆಗುತ್ತೆ," ಎಂದ ಲೂಸಿಯನ್.

ಇಬ್ಬರೂ ಆರ್ನೆಟಾಳ ಮುಖ ನೋಡಿದರು. ಹ್ಯಾಲ್‌ಬ್ರುಕ್ ನಾಲ್ಕು ವರ್ಷದ ಹಿಂದೆ ಇದೇ ಮೇಜಿಗೆ ಬಂದು ಕೂತಿದ್ದ, ಈಗ ಲೂಸಿಯನ್ ಕೂತ ಕುರ್ಚಿಯಲ್ಲಿ. ಅವಳು ಮಾಡಿದ ಗಂಬೋ ಸಾರನ್ನು ಎರಡು ಬಟ್ಟಲು ತಿಂದಿದ್ದ. ಆ ತಿಂಗಳು ಬಂದ ಉಳಿದ ಕೋಚ್‌ಗಳು ಮಗನ ಮೈ ನೋಡಿ ಮಾತಾಡಿದ್ದರು, ಇವನು ಮಾತ್ರ ಬಟ್ಟಲು ಸರಿಸಿ ಅವಳನ್ನೇ ಕೇಳಿದ್ದ: "ನಿಮಗೆ ಏನು ಮುಖ್ಯ, ಮಿಸ್ ಆರ್ನೆಟಾ?" ಡಿಗ್ರಿ, ಎಂದಿದ್ದಳು. ನಮ್ಮ ಮನೇಲಿ ಯಾರೂ ಕಾಲೇಜು ಮುಗಿಸಿಲ್ಲ, ಇವನು ಒಂದೇ ಕಡೆ ಇದ್ದು ಮುಗಿಸ್ಬೇಕು, ಬೇರೇನೂ ಬೇಡ. "ಗೊತ್ತಾಗಿದ್ದು ಒಳ್ಳೇದಾಯ್ತು," ಎಂದಿದ್ದ. ಮುಂದಿನ ತಿಂಗಳು ಹೈಸ್ಕೂಲಿನ ಜಿಮ್ಮಿನಲ್ಲಿ, ಐದು ಕಾಲೇಜುಗಳ ಐದು ಟೋಪಿ ಸಾಲಾಗಿ ಇಟ್ಟ ಮೇಜಿನ ಹಿಂದೆ ಕೂತು, ಮಾರ್ಕೆಲ್ ಮಾರ್ಲೋದ ಬೂದು ಟೋಪಿಯನ್ನು ಎತ್ತಿ ತಲೆಗಿಟ್ಟುಕೊಂಡು ಆ ಕಾಲೇಜನ್ನು ಆರಿಸಿಕೊಂಡಿದ್ದ, ಬ್ಯಾಂಡು ಬಾರಿಸಿತ್ತು. ಆ ಟೋಪಿ ಈಗ ಫ್ರಿಜ್ಜಿನ ಪಕ್ಕದ ಮೊಳೆಯಲ್ಲಿತ್ತು.

ಹ್ಯಾಲ್‌ಬ್ರುಕ್‌ಗೆ ಹೇಳಿದರೆ ಅವನು ಬೇಡ ಎನ್ನುತ್ತಾನೆ, ತಾನು ಕರಗಿಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

"ಕೀ ಮೇಜಿನ ಮೇಲಿಡು ಮಗನೇ," ಎಂದಳು. "ಓಡ್ಕೊಂಡು ಬರ್ತಾರೆ."

ಹುಟ್ಟಿದಾಗಿನಿಂದ, ಒಂದು ಸಲ ಬಿಟ್ಟರೆ, ಅವನು ಅವಳ ಮಾತು ಮೀರಿದವನಲ್ಲ.

*

ಬುಧವಾರ ಹತ್ತು ಗಂಟೆಗೆ ಹೆಸರು ಹೋಯಿತು. ಆರ್ನೆಟಾ ಬೆಳಗಿನ ಸುತ್ತು ಮುಗಿಸಿ, ಬಸ್ಸುಗಳ ಶೆಡ್ಡಿನಲ್ಲಿ ತನ್ನ ಸೀಟಿನಲ್ಲೇ ಕೂತು, ಫೋನನ್ನು ಸ್ಟೀರಿಂಗಿನ ಮೇಲಿಟ್ಟುಕೊಂಡು ಕಾದಳು. ಮಧ್ಯಾಹ್ನವಾಯಿತು. ಎರಡು ಗಂಟೆಗೆ ಮಕ್ಕಳನ್ನು ತರಲು ಹೊರಟಳು. ಅಂದು ಯಾರೂ ಫೋನ್ ಮಾಡಲಿಲ್ಲ.

ಗುರುವಾರ ಮಾರ್ಕೆಲ್ ಮಾಡಿದ. "ಅಮ್ಮಾ, ಊಟದ ಹಾಲ್ ಬಾಗಿಲು ನನ್ನ ಕಾರ್ಡ್ ತಗೋತಿಲ್ಲ."

"ಒರೆಸಿ ನೋಡು."

"ಒರೆಸ್ದೆ."

ಶುಕ್ರವಾರ ಬೆಳಿಗ್ಗೆ ಅವನ ಸಾಮಾನು ಎರಡು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಅವನ ಕೈಗೆ ಬಂತು. ತಂಡದ ಸಾಮಾನು ಕೊಠಡಿಯ ಮುದುಕ ಮಿಸ್ಟರ್ ಫಾಂಟೆನೋ ಅದನ್ನು ಕೌಂಟರಿನ ಮೇಲೆ ಇಡುವ ಮೊದಲು ಮಾರ್ಕೆಲ್‌ನ ಬೂಟುಗಳ ಮಣ್ಣು ಕೆರೆದು, ಒರೆಸಿ, ಒಂದರೊಳಗೊಂದು ಸಿಕ್ಕಿಸಿ ಇಟ್ಟಿದ್ದನಂತೆ. "ಒರೆಸಿದ್ದು ನೋಡಿ ನನಗೆ ತಡ್ಕೊಳೋಕಾಗ್ಲಿಲ್ಲ," ಎಂದ ಮಾರ್ಕೆಲ್ ಫೋನಿನಲ್ಲಿ. ಸಂಜೆ ಸುದ್ದಿಯಲ್ಲಿ ಬಂತು: ಮಾರ್ಲೋಗೆ ಒಹಾಯೋದಿಂದ ಹೊಸ ಸೆಂಟರ್.

ಅವಳು ಕೀ ಇಟ್ಟು ಬಂದ ವರ್ಷ ಸಾಂಟೆಲ್‌ನಲ್ಲಿ ಬಸ್ಸು ಓಡಿಸುವವರು ಇನ್ನೊಬ್ಬರಿರಲಿಲ್ಲ. ಪೋರ್ಟಲ್‌ನಲ್ಲಿ ಆ ವಾರ ಸೆಂಟರ್‌ಗಳು ಇನ್ನೂರು ಜನ ಇದ್ದರು. ಈ ಒಂದು ವ್ಯತ್ಯಾಸ ಅವಳಿಗೆ ಭಾನುವಾರದ ಮೇಜಿನ ಬಳಿ ಹೊಳೆದಿರಲಿಲ್ಲ. ಈಗ ಪಾತ್ರೆ ತೊಳೆಯುವಾಗ, ಬಸ್ಸಿನ ಬಾಗಿಲು ಎಳೆಯುವಾಗ, ಅದೊಂದೇ ಹೊಳೆಯುತ್ತಿತ್ತು.

ಲೂಸಿಯನ್ ಎರಡು ದಿನ ಫೋನ್ ತೆಗೆಯಲಿಲ್ಲ. ಮೂರನೇ ದಿನ ತೆಗೆದು, "ಮಾರ್ಕೆಟ್ ತಣ್ಣಗಿದೆ ಅಕ್ಕಾ," ಎಂದ.

"ನಿನ್ನ ಕಾರ್ಡು ಎಷ್ಟು ಅಚ್ಚು ಹಾಕ್ಸಿದ್ದೆ?"

"ಐನೂರು. ಯಾಕೆ?"

"ಒಲೆ ಹಚ್ಚೋಕೆ ಬೇಕಿತ್ತು."

*

ಸೋಮವಾರ ಬೆಳಗಿನ ಸುತ್ತು ಮುಗಿಸಿ, ಮಧ್ಯಾಹ್ನದ್ದನ್ನು ಇನ್ನೊಬ್ಬಳಿಗೆ ಒಪ್ಪಿಸಿ, ಅವಳು ಮಾರ್ಲೋಗೆ ಹೊರಟಳು. ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ಹ್ಯಾಲ್‌ಬ್ರುಕ್ ಕಚೇರಿಗೆ ಕರೆಯಲಿಲ್ಲ. "ಕಾರು ನಿಲ್ಲಿಸೋ ಜಾಗದಲ್ಲೇ ಇರಿ, ನಾನೇ ಬರ್ತೀನಿ," ಎಂದ. ಬಂದು, ಅವಳ ಸಣ್ಣ ಕಾರಿನ ಮುಂದಿನ ಸೀಟಿನಲ್ಲಿ ಮೈ ತುರುಕಿಕೊಂಡು ಕೂತ. ಕಾರು ಒಂದು ಕಡೆಗೆ ವಾಲಿತು. ಅವನ ತಲೆ ಪೂರ್ತಿ ಬೆಳ್ಳಗಾಗಿದ್ದನ್ನು ಅವಳು ಆಗ ಗಮನಿಸಿದಳು.

"ಗಂಬೋ ತಂದಿಲ್ಲ," ಎಂದಳು.

"ತಂದಿದ್ರೂ ತಿನ್ನೋ ಮುಖ ಇಲ್ಲ ನನಗೆ."

"ವಾಪಸ್ ತಗೊಳ್ಳಿ ಅವನನ್ನ. ಅದೇ ನಲವತ್ತು ಸಾಕು. ಇಪ್ಪತ್ತಾದ್ರೂ ಸರಿ. ಏನೂ ಬೇಡ, ಫೀಸ್ ಕಟ್ಟಿ ಸಾಕು."

"ಜಾಗ ಇಲ್ಲ ಮಿಸ್ ಆರ್ನೆಟಾ. ನೂರೈದು ಜನ ಅಂತ ಲೆಕ್ಕ, ಅದರ ಮೇಲೆ ಒಬ್ಬನೂ ಇರೋ ಹಾಗಿಲ್ಲ. ಶುಕ್ರವಾರ ಬಂದ ಹುಡುಗ ನೂರೈದನೆಯವನು."

"ನೀವು ಒಂದು ಮಾತು ಹೇಳಿದ್ರೆ."

"ನಾನು ಹೇಳೋ ಕಾಲ ಹೋಯ್ತು. ಮೇಲೆ ಒಬ್ಬ ಇದಾನೆ, ಜನರಲ್ ಮ್ಯಾನೇಜರ್ ಅಂತ. ಮೂವತ್ತೊಂದು ವಯಸ್ಸು. ನ್ಯೂಯಾರ್ಕಿನ ಬ್ಯಾಂಕಲ್ಲಿದ್ದ. ಚೆಂಡಿಗೆ ಗಾಳಿ ಯಾವ ಕಡೆಯಿಂದ ಹೊಡೀತಾರೆ ಅಂತ ಗೊತ್ತಿಲ್ಲ ಅವನಿಗೆ. ಯಾರಿಗೆ ಎಷ್ಟು ಅಂತ ಬರೆಯೋದು ಅವನೇ. ನನಗೆಷ್ಟು ಅಂತಾನೂ."

ಹುಲ್ಲು ಕತ್ತರಿಸುವ ಯಂತ್ರವೊಂದು ಹತ್ತಿರ ಬಂದು ತಿರುಗಿ ಹೋಯಿತು. ಆರ್ನೆಟಾ ಎರಡೂ ಕೈಯನ್ನು ಸ್ಟೀರಿಂಗಿನ ಮೇಲಿಟ್ಟುಕೊಂಡಿದ್ದಳು. ಬಸ್ಸು ಓಡಿಸುವವರಿಗೆ ಆ ಅಭ್ಯಾಸ ಹೋಗುವುದಿಲ್ಲ.

"ಒಂದು ಕೇಳ್ತೀನಿ. ನಿಜ ಹೇಳಿ. ಮೂರು ವರ್ಷ ಒಂದು ಆಟ ತಪ್ಪಿಸಿಲ್ಲ ಅವನು. ಭುಜ ಕಿತ್ತುಹೋದಾಗ್ಲೂ ಕಟ್ಕೊಂಡು ಆಡ್ದ. ಪಕ್ಕದಲ್ಲಿ ನಿಂತೋನಿಗೆ ನಾಲ್ಕು ಲಕ್ಷ. ಇವನಿಗೆ ನಲವತ್ತು ಸಾವಿರ. ಯಾಕೆ?"

ಹ್ಯಾಲ್‌ಬ್ರುಕ್ ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದೂಡಿದ.

"ಒಂದು ಹಾಳೆ ಇದೆ," ಎಂದ. "ಕಂಪ್ಯೂಟರಲ್ಲಿ. ಪ್ರತಿ ಹುಡುಗನಿಗೂ ಒಂದು ಸಾಲು, ಸಾಲಿಗೊಂದು ಬಣ್ಣ. ಕೆಂಪು ಅಂದ್ರೆ ಇವತ್ತೋ ನಾಳೆಯೋ ಹೋಗೋನು, ಹಿಡಿದಿಟ್ಕೊಳೋಕೆ ದುಡ್ಡು ಬೇಕು. ಹಳದಿ ಅಂದ್ರೆ ಹೇಳೋಕಾಗಲ್ಲ. ನೀಲಿ ಅಂದ್ರೆ ಏನೇ ಆದ್ರೂ ಹೋಗಲ್ಲ."

"ನೀಲಿಗೆ?"

"ನೀಲಿಗೆ ಜಾಸ್ತಿ ಕೊಡೋ ಅಗತ್ಯ ಇಲ್ಲ."

"ನನ್ನ ಮಗ ನೀಲಿ."

"ಹೌದು."

"ಹೋಗಲ್ಲ ಅಂತ ಅವರಿಗೆ ಹೇಗೆ ಗೊತ್ತು?"

ಅವನು ಕಿಟಕಿಯಾಚೆ ನೋಡಿದ. "ಸಾಲಿನ ಕೊನೇಲಿ ಟಿಪ್ಪಣಿ ಇರುತ್ತೆ. ಮಾರ್ಕೆಲ್‌ದು ನನಗೆ ಬಾಯಿಪಾಠ. ತಾಯಿಗೆ ಡಿಗ್ರಿ ಬೇಕು. ಕದಲುವುದಿಲ್ಲ."

"ಬರೆದೋರು ಯಾರು?"

"ನಾನೇ. ನಾಲ್ಕು ವರ್ಷದ ಹಿಂದೆ. ನಿಮ್ಮನೆಯಿಂದ ಹೊರಗೆ ಬಂದು, ಕಾರಲ್ಲಿ ಕೂತು ಬರೆದೆ. ಒಳ್ಳೆ ಮನೆ ಅಂತ ತಿಳೀಲಿ ಅಂತ ಬರೆದೆ ಮಿಸ್ ಆರ್ನೆಟಾ. ಹೊಗಳಿಕೆ ಅದು. ಆಗ ಸ್ಕೂಲು ಯಾರಿಗೂ ದುಡ್ಡು ಕೊಡ್ತಿರ್ಲಿಲ್ಲ. ಅದೇ ಟಿಪ್ಪಣಿಗೆ ಯಾರೋ ಬಂದು ಬಣ್ಣ ಹಚ್ತಾರೆ ಅಂತ ನನಗೇನು ಗೊತ್ತು?"

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಳಗೆ ಎಲ್ಲೋ ಒಂದು ಕಡೆ ಜೋಮು ಹಿಡಿದಂತಾಯಿತು, ಬಹಳ ಹೊತ್ತು ಮಡಿಚಿ ಕೂತ ಕಾಲಿನ ಹಾಗೆ. ಆ ದಿನ ಗಂಬೋಗೆ ಬೆಂಡೆಕಾಯಿ ಸಾಲದೆ ಪಕ್ಕದ ಮನೆಯಿಂದ ತಂದಿದ್ದು ನೆನಪಾಯಿತು. ಒಳ್ಳೆಯ ಬಟ್ಟಲು ತೆಗೆದಿದ್ದಳು.

"ಅದನ್ನ ಅಳಿಸಿಬಿಡಿ," ಎಂದಳು.

"ಸಾಲೇ ಹೋಯ್ತಲ್ಲ."

ಅವನು ಬಾಗಿಲ ಹಿಡಿಗೆ ಕೈ ಹಾಕಿ, ಮತ್ತೆ ತೆಗೆದ. "ಹೆಸರು ಹಾಕೋ ಮುಂಚೆ ನನಗೊಂದು ಫೋನ್ ಮಾಡಿದ್ರೆ," ಎಂದ.

"ಮಾಡಿದ್ರೆ?"

"ಹಾಕ್ಬೇಡಿ ಅಂತಿದ್ದೆ. ನೀಲಿಯಾಗೇ ಇರಿ, ಡಿಗ್ರಿ ಮುಗೀಲಿ ಅಂತಿದ್ದೆ." ಬಾಗಿಲ ಹಿಡಿಯ ಕಡೆ ನೋಡುತ್ತ, "ಅಷ್ಟನ್ನ ಹೇಳೋಕೆ ನನಗೆ ಬಾಯಿ ಬರ್ತಿತ್ತೋ ಇಲ್ವೋ ಗೊತ್ತಿಲ್ಲ," ಎಂದ. "ಉತ್ತರ ಡಕೋಟಾದಲ್ಲಿ ನನ್ನ ಸ್ನೇಹಿತ ಒಬ್ಬ ಇದಾನೆ. ಸಣ್ಣ ಕಾಲೇಜು. ಇವತ್ತೇ ಮಾತಾಡ್ತೀನಿ."

ಅವನು ಇಳಿದಾಗ ಕಾರು ಮೇಲೆದ್ದು ನೆಟ್ಟಗಾಯಿತು.

*

ಮಾರ್ಕೆಲ್ ಹಾಸ್ಟೆಲಿನ ಮೆಟ್ಟಿಲ ಮೇಲೆ ಎರಡು ಕಪ್ಪು ಚೀಲಗಳ ನಡುವೆ ಕೂತಿದ್ದ. ಹ್ಯಾಲ್‌ಬ್ರುಕ್ ಹಿಂದಕ್ಕೆ ತಳ್ಳಿದ್ದ ಸೀಟನ್ನು ಅವನು ಕಾರು ಹತ್ತಿ ಇನ್ನಷ್ಟು ಹಿಂದಕ್ಕೆ ತಳ್ಳಿದ.

"ಏನಂದ್ರು?"

"ಜಾಗ ಇಲ್ವಂತೆ."

ಟಿಪ್ಪಣಿಯ ವಿಷಯ ಅವಳು ಹೇಳಲಿಲ್ಲ. ಹೇಳಿದರೆ ಅವನು ತನ್ನನ್ನು ಸಮಾಧಾನ ಮಾಡಲು ಶುರುಮಾಡುತ್ತಾನೆ ಎಂದು ಗೊತ್ತಿತ್ತು.

ಕಬ್ಬಿನ ಗದ್ದೆಗಳು ಶುರುವಾದ ಮೇಲೆ ಅವಳು ಕೇಳಿದಳು. "ಆಟ ಬಿಟ್ಟು ಮಾರ್ಲೋದಲ್ಲೇ ಇದ್ದು ಓದೋಕಾಗಲ್ವಾ? ಎಲ್ಲರ ಹಾಗೆ ಫೀಸ್ ಕಟ್ಟಿ?"

"ಇಪ್ಪತ್ತಾರು ಸಾವಿರ ಬೇಕು ವರ್ಷಕ್ಕೆ. ನನ್ನ ಹತ್ರ ಹನ್ನೊಂದಿದೆ."

ಉಳಿದದ್ದು ಎಲ್ಲಿ ಹೋಯಿತೆಂದು ಇಬ್ಬರಿಗೂ ಗೊತ್ತಿತ್ತು. ಚಂಡಮಾರುತ ಕಿತ್ತುಹಾಕಿದ ಮನೆಯ ಛಾವಣಿಯನ್ನು ಹೋದ ಬೇಸಿಗೆಯಲ್ಲಿ ಹೊಸದಾಗಿ ಹೊದಿಸಿದ್ದರು. ಅವಳು ಬೇಡವೆಂದಿದ್ದಳು. ಅವನು ಅವಳ ಮಾತು ಮೀರಿದ್ದು ಅದೊಂದೇ ಸಲ.

"ಸಾಲ ತಗೊಳ್ಳೋಣ."

"ಅಮ್ಮಾ. ಆಡೋಕೆ ಒಂದು ವರ್ಷ ಉಳಿದಿದೆ ನನಗೆ. ಆಮೇಲೆ ಇಲ್ಲ. ಯಾರೂ ನನ್ನನ್ನ ದುಡ್ಡು ಕೊಟ್ಟು ಆಡಿಸಲ್ಲ, ನನಗೂ ಗೊತ್ತು. ಆ ಒಂದು ವರ್ಷ ಬೇಕು."

"ಡಿಗ್ರಿ?"

"ಅದೂ ಬೇಕು."

"ಎರಡೂ ಬೇಕು ಅಂತ ಯಾರ ಹತ್ರಾನೂ ಹೇಳ್ಬೇಡ," ಎಂದಳು ಅವಳು. ಯಾಕೆ ಎಂದು ಅವನು ಕೇಳಲಿಲ್ಲ. ನಿದ್ದೆ ಹೋಗಿದ್ದ.

ಮಂಗಳವಾರ ಮಾರ್ಲೋದಿಂದ ಓದಿನ ಸಲಹೆಗಾರ್ತಿ ಫೋನ್ ಮಾಡಿ ವಿವರಿಸಿದಳು. ಮಾರ್ಕೆಲ್ ಈವರೆಗೆ ಗಳಿಸಿದ್ದು ತೊಂಬತ್ತೊಂಬತ್ತು ಕ್ರೆಡಿಟ್. ನೂರ ಇಪ್ಪತ್ತಾದರೆ ಡಿಗ್ರಿ. ಬೇರೆ ಕಾಲೇಜಿಗೆ ಹೋದರೆ ಅದರಲ್ಲಿ ಎಷ್ಟನ್ನು ಒಪ್ಪುತ್ತಾರೆ ಎಂಬುದು ಅವರಿಗೆ ಬಿಟ್ಟದ್ದು. ಕೆಲವರು ಅರ್ಧವನ್ನೂ ಒಪ್ಪುವುದಿಲ್ಲ. "ಹೋಗೋ ಮುಂಚೆ ಬರಹದಲ್ಲಿ ತಗೊಳ್ಳಿ," ಎಂದಳು. "ಹೋದ ಮೇಲೆ ಯಾರೂ ಕೊಡಲ್ಲ."

ಆರ್ನೆಟಾ ಒಂದು ಚೀಟಿಯಲ್ಲಿ ಬರೆದುಕೊಂಡಳು: ಎಷ್ಟು ಕ್ರೆಡಿಟ್? ಬರಹದಲ್ಲಿ?

*

ಡಕೋಟಾದ ಕೋಚ್ ಎಂಗೆನ್ ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ವಿಡಿಯೋದಲ್ಲಿ ಬಂದ. ಬೆಳಗಿನ ಸುತ್ತಿಗೂ ಮಧ್ಯಾಹ್ನದ ಸುತ್ತಿಗೂ ನಡುವಿನ ಹೊತ್ತು. ಮಾರ್ಕೆಲ್ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದ್ದ. ತಾಯಿ ಮಗ ಇಬ್ಬರೂ ಅದರೊಳಗೆ ಹಿಡಿಸುವಂತೆ ಕುರ್ಚಿ ಹತ್ತಿರ ಎಳೆದುಕೊಂಡು ಕೂತಿದ್ದರು. ಚೀಟಿ ಅವಳ ತಟ್ಟೆಯ ಕೆಳಗಿತ್ತು.

ಎಂಗೆನ್ ಕೆಂಪು ಮುಖದ, ನಗುವ ಮನುಷ್ಯ. ಅವನ ಹಿಂದಿನ ಕಿಟಕಿಯಲ್ಲಿ ಹಿಮ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡ ಒಬ್ಬಳು ಯುವತಿ ಕೂತಿದ್ದಳು.

"ಕೋಣೆ, ಊಟ, ಫೀಸು ಕೊಡ್ತೀವಿ," ಎಂದ. "ಕೈಗೆ ದುಡ್ಡು ಇಲ್ಲ, ಸುಳ್ಳು ಹೇಳಲ್ಲ ನಾನು. ಚಳಿ ಮಾತ್ರ ಎಷ್ಟು ಬೇಕಾದ್ರೂ ಕೊಡ್ತೀವಿ."

ಮಾರ್ಕೆಲ್ ನಕ್ಕ. ಹತ್ತು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು. ಇಬ್ಬರೂ ಸ್ವಲ್ಪ ಹೊತ್ತು ಆಟದ ಮಾತಾಡಿದರು. ಭುಜ ಹೇಗಿದೆ, ಎಡಕ್ಕೆ ತಿರುಗುವಾಗ ನೋಯುತ್ತದಾ, ಕೈಗವಸು ಹಾಕಿಕೊಂಡು ಚೆಂಡು ಕೊಡಲು ಬರುತ್ತದಾ. ಬರುತ್ತೆ ಸರ್. ಆಮೇಲೆ ಎಂಗೆನ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಅವಳ ಕಡೆ ನೋಡಿದ.

"ನಿಮ್ಮ ವಿಷಯ ಹೇಳಿ ಮೇಡಂ. ನಿಮಗೆ ಏನು ಮುಖ್ಯ?"

ಯುವತಿಯ ಬೆರಳುಗಳು ಲ್ಯಾಪ್‌ಟಾಪಿನ ಮೇಲೆ ಸಿದ್ಧವಾಗಿ ನಿಂತದ್ದು ಆರ್ನೆಟಾಳಿಗೆ ಕಂಡಿತು.

"ನನಗೇನೂ ಇಲ್ಲ," ಎಂದಳು.

"ಏನೋ ಒಂದು ಇರುತ್ತಲ್ಲ. ಮನೆಗೆ ದೂರ ಆಗುತ್ತೆ ಅಂತ, ಚರ್ಚ್ ಹತ್ರ ಇರ್ಬೇಕು ಅಂತ, ಓದು ಅಂತ. ಓದಿನ ವಿಷಯ ನಿಮಗೆ ದೊಡ್ಡದು ಅನ್ನೋದಾದ್ರೆ ಈಗಲೇ ಹೇಳಿ, ಎಷ್ಟು ಕ್ರೆಡಿಟ್ ತಗೋತೀವಿ ಅಂತ ರಿಜಿಸ್ಟ್ರಾರ್ ಹತ್ರ ಇವತ್ತೇ ಬರೆಸ್ಕೊಡ್ತೀನಿ. ಇಲ್ಲಾಂದ್ರೆ ಅವನು ಬಂದಮೇಲೆ ನಿಧಾನಕ್ಕೆ ನೋಡ್ಕೊಳ್ಳೋಣ."

ಕೇಳಬೇಕೆಂದು ಬರೆದಿಟ್ಟುಕೊಂಡದ್ದನ್ನು ಅವನೇ ಎತ್ತಿ ಮುಂದಿಟ್ಟಿದ್ದ. ಹೌದು ಎಂದಿದ್ದರೆ ಸಾಕಿತ್ತು. ಅವಳ ಕಣ್ಣು ಆ ಬೆರಳುಗಳನ್ನು ಬಿಟ್ಟು ಕದಲಲಿಲ್ಲ. ಹತ್ತು ಬೆರಳು, ಉಗುರಿಗೆ ತಿಳಿ ಗುಲಾಬಿ ಬಣ್ಣ.

"ಅದೇನು ದೊಡ್ಡ ವಿಷಯ ಅಲ್ಲ," ಎಂದಳು.

ಮಾರ್ಕೆಲ್ ತಿರುಗಿ ಅವಳನ್ನು ನೋಡಿದ. ಗೊತ್ತಿಲ್ಲದ ಹೆಂಗಸೊಬ್ಬಳು ತಾಯಿಯ ಕುರ್ಚಿಯಲ್ಲಿ ಕೂತಿರುವಂತೆ ನೋಡಿದ. ಎಂಗೆನ್ ಆಗಲೇ ಸರಿ ಸರಿ ಎಂದು ಮುಂದಿನ ಮಾತಿಗೆ ಹೋಗುತ್ತಿದ್ದ. ವಿಮಾನದ ಟಿಕೆಟ್ಟು, ಕೋಟಿನ ಅಳತೆ.

"ಸರ್," ಎಂದ ಮಾರ್ಕೆಲ್. "ಅದು ದೊಡ್ಡ ವಿಷಯಾನೇ. ನನಗೆ."

ಆರ್ನೆಟಾ ಮೇಜಿನ ಕೆಳಗೆ ಅವನ ಮಂಡಿಯನ್ನು ಹಿಡಿದು ಒತ್ತಿದಳು. ಅವನು ನಿಲ್ಲಿಸಲಿಲ್ಲ.

"ತೊಂಬತ್ತೊಂಬತ್ತು ಕ್ರೆಡಿಟ್ ಇದೆ ನಂದು. ನಾನು ಡಿಗ್ರಿ ಮುಗಿಸ್ಬೇಕು. ಮುಗಿಸದೆ ಮನೆಗೆ ಬರೋ ಹಾಗಿಲ್ಲ. ಅದು ಬರಹದಲ್ಲಿ ಬೇಕು ನನಗೆ, ಸಹಿ ಹಾಕೋ ಮುಂಚೆ."

ಯುವತಿಯ ಬೆರಳುಗಳು ಓಡಿದವು. ತೀರ ಸಣ್ಣ ಸದ್ದು, ಆದರೂ ಕೇಳಿಸಿತು.

"ಗೊತ್ತಾಗಿದ್ದು ಒಳ್ಳೇದಾಯ್ತು," ಎಂದ ಎಂಗೆನ್.

ಪರದೆ ಕಪ್ಪಾದ ಮೇಲೆ ಮಾರ್ಕೆಲ್ ಕುರ್ಚಿ ಹಿಂದಕ್ಕೆ ಸರಿಸಿದ. "ಏನಮ್ಮಾ ಅದು? ಚಿಕ್ಕಂದಿನಿಂದ ಡಿಗ್ರಿ ಡಿಗ್ರಿ ಅಂತ ನನ್ನ ತಲೆ ತಿಂದಿದೀಯ. ಬಾಯಿಬಿಟ್ಟು ಕೇಳ್ದಾಗ ಏನೂ ಇಲ್ಲ ಅಂತೀಯಲ್ಲ."

ಆಗ ಅವಳು ಹೇಳಿದಳು. ಹಾಳೆ, ಬಣ್ಣ, ಸಾಲಿನ ಕೊನೆಯ ಟಿಪ್ಪಣಿ. ಹ್ಯಾಲ್‌ಬ್ರುಕ್ ಹೇಳಿದ ನಾಲ್ಕು ಪದಗಳನ್ನು ಅವನು ಹೇಳಿದ ಹಾಗೇ ಹೇಳಿದಳು. ಮಾರ್ಕೆಲ್ ದೊಡ್ಡ ಕೈಗಳನ್ನು ಮೇಜಿನ ಮೇಲೆ ಮಗುಚಿ ಇಟ್ಟುಕೊಂಡಿದ್ದ. ಎಡಗೈಯ ಎರಡು ಬೆರಳು ನೆಟ್ಟಗೆ ಚಾಚುತ್ತಿರಲಿಲ್ಲ, ಎರಡನೇ ವರ್ಷದಿಂದ.

"ಮೂರು ವರ್ಷ ನಾನು ನೀಲಿನಾ?" ಎಂದ.

"ಈಗಲೂ ನೀಲಿಯೇ. ಈ ಸಲ ನೀನೇ ಬರೆಸ್ದೆ."

ಒಂದೂವರೆಗೆ ಪತ್ರ ಬಂತು. ಮಾರ್ಕೆಲ್ ಗಟ್ಟಿಯಾಗಿ ಓದಿದ. ಅರವತ್ತೊಂದು ಕ್ರೆಡಿಟ್ ಒಪ್ಪುತ್ತೇವೆ. ಭೂಮಾಪನ ನಮ್ಮಲ್ಲಿಲ್ಲ, ಅದಕ್ಕೆ ಹತ್ತಿರವಾದದ್ದು ಭೂಗೋಳ. ಆಡುವ ವರ್ಷದ ಫೀಸು, ಆಟ ಮುಗಿದ ಮೇಲೆ ಇನ್ನೊಂದು ವರ್ಷದ ಫೀಸು, ತಂಡದ ಪಟ್ಟಿಯಲ್ಲಿ ಜಾಗವಿದ್ದಷ್ಟು ಕಾಲ.

"ಕೊನೇದು ಇನ್ನೊಂದ್ಸಲ ಓದು."

ಓದಿದ. ಅವಳು ಫೋನ್ ತಗೊಂಡು ತಾನೇ ಮೂರನೇ ಸಲ ಓದಿದಳು. ಆಟ ಮುಗಿದವನಿಗೆ ಪಟ್ಟಿಯಲ್ಲಿ ಜಾಗ ಎಲ್ಲಿಂದ ಬರುತ್ತದೆ ಎಂದು ಅದರಲ್ಲಿ ಬರೆದಿರಲಿಲ್ಲ.

"ಬೇಡ ಅಂದ್ರೆ ಹೇಳು," ಎಂದ ಮಾರ್ಕೆಲ್. "ನೀನು ಹೇಳಿದ ಹಾಗೆ ಮಾಡ್ತೀನಿ."

ಆ ಭಾನುವಾರವೂ ಅವನು ಹೀಗೇ ಹೇಳಿದ್ದ, ಮಾತಿನಲ್ಲಲ್ಲ, ನೋಟದಲ್ಲಿ. ಅವಳು ತಟ್ಟೆ ಎತ್ತಿದಳು. ಚೀಟಿ ತಟ್ಟೆಯ ತಳಕ್ಕೆ ಅಂಟಿಕೊಂಡು ಬಂತು. ಅದನ್ನು ಬಿಡಿಸಿ, ಮಡಿಸಿ, ಶರ್ಟಿನ ಜೇಬಿನಲ್ಲಿ ಹಾಕಿಕೊಂಡಳು.

"ನಾನು ಹೇ‍ಳಿ ಹೇಳಿ ಸಾಕಾಯ್ತು," ಎಂದಳು.

ಈ ಸಲ ಟೋಪಿಗಳಿರಲಿಲ್ಲ, ಬ್ಯಾಂಡಿರಲಿಲ್ಲ. ಅವನು ಫೋನಿನ ಮೇಲೆ ಬೆರಳಿನಿಂದ ಹೆಸರು ಗೀಚಿದ. ಮೊದಲನೆಯದು ಸರಿಯಾಗಲಿಲ್ಲ, ನೆಟ್ಟಗಾಗದ ಬೆರಳಿನಿಂದ ಬರೆದಿದ್ದ. ಅಳಿಸಿ, ಇನ್ನೊಂದು ಕೈಯಿಂದ ಬರೆದ.

ಎರಡು ಗಂಟೆಗೆ ಅವಳು ಮೊಳೆಯಿಂದ ಬಸ್ಸಿನ ಕೀ ತೆಗೆದುಕೊಂಡಾಗ, "ನಾನೂ ಬರ್ಲಾ?" ಎಂದ. ಮೂರನೇ ತರಗತಿಯವರೆಗೆ ಅವನು ಶಾಲೆ ಬಿಟ್ಟ ಮೇಲೆ ಇಡೀ ಸುತ್ತು ಅವಳ ಬಸ್ಸಿನಲ್ಲೇ ಕೂತಿರುತ್ತಿದ್ದ, ಅವಳ ಹಿಂದಿನ ಮೊದಲ ಸೀಟಿನಲ್ಲಿ. ಈಗಲೂ ಅಲ್ಲೇ ಕೂತ. ಮಂಡಿ ಹಿಡಿಸದೆ ಕಾಲನ್ನು ಸೀಟುಗಳ ನಡುವಿನ ದಾರಿಗೆ ಚಾಚಿದ. ಶಾಲೆಯಿಂದ ಹತ್ತಿದ ಮಕ್ಕಳೆಲ್ಲ ಅದನ್ನು ದಾಟಿಕೊಂಡೇ ಹೋಗಬೇಕಾಯಿತು.

"ಮಿಸ್ ಆರ್ನೆಟಾ, ದಾರೀಲಿ ಮರ ಬಿದ್ದಿದೆ," ಎಂದಳು ಐದನೇ ತರಗತಿಯ ಒಬ್ಬಳು. ಎರಡು ಜಡೆ, ಹಲ್ಲಿಗೆ ತಂತಿ.

"ಮರ ಅಲ್ಲ ಅದು, ನನ್ನ ಮಗ. ಕೂತ್ಕೋ."

"ಗೊತ್ತು. ಟಿವಿಲಿ ಬರ್ತಾನೆ. ಬಗ್ಗಿ ನಿಂತಿರ್ತಾನೆ, ಬರೀ ಹಿಂಭಾಗ ಕಾಣುತ್ತೆ." ಹಿಂದಿನ ಸೀಟುಗಳಲ್ಲಿ ನಗು ಎದ್ದಿತು. ಅವಳು ಅವನ ಎದುರಿನ ಸೀಟಿನಲ್ಲಿ ಕೂತು ಅವನನ್ನೇ ನೋಡಿದಳು. "ನಮ್ಮಪ್ಪ ಹೇಳಿದ್ರು, ನೀನು ಮಾರ್ಲೋ ಬಿಟ್ಬಿಟ್ಯಂತೆ. ಜಾಸ್ತಿ ದುಡ್ಡಿಗೆ."

"ಹೂಂ. ಡಕೋಟಾಗೆ ಹೋಗ್ತಿದೀನಿ."

"ಎಲ್ಲಿದೆ ಅದು?"

"ಮೇಲೆ. ತುಂಬಾ ಮೇಲೆ."

"ಎಷ್ಟು ಕೊಡ್ತಾರೆ?"

"ಒಂದು ಕೋಟು."

ಅವಳು ಅದನ್ನು ನಂಬಲಿಲ್ಲ. ಚರ್ಚಿನ ತಿರುವಿನಲ್ಲಿ ಬಸ್ಸು ನಿಂತಿತು. ಅವಳ ಮನೆ ಅಲ್ಲೇ. ಎದ್ದು, ಅವನ ಕಾಲು ದಾಟಿ, ಮೆಟ್ಟಿಲ ಬಳಿ ತಿರುಗಿ ನಿಂತಳು.

"ನಿನಗೆ ಅಲ್ಲಿಗೆ ಹೋಗೋಕೆ ಇಷ್ಟಾನಾ?"

ಮಾರ್ಕೆಲ್ ಬಾಯಿ ತೆರೆದ. ತಲೆಯ ಮೇಲಿನ ಉದ್ದ ಕನ್ನಡಿಯಲ್ಲಿ ತಾಯಿಯ ಕಣ್ಣು ಅವನ ಮೇಲೇ ಇತ್ತು. ಅವನು ಬಾಯಿ ಮುಚ್ಚಿಕೊಂಡು, ಭುಜ ಕುಣಿಸಿ, ಕಿಟಕಿಯ ಕಡೆ ತಿರುಗಿದ.

ಹುಡುಗಿ ಇಳಿದಳು. ರಸ್ತೆ ದಾಟಿ ಅವಳು ಅಂಗಳ ಸೇರುವವರೆಗೂ ಆರ್ನೆಟಾ ಕಾದಳು. ಆಮೇಲೆ ಬಸ್ಸಿನ ಪಕ್ಕಕ್ಕೆ ಚಾಚಿದ್ದ, ಬೇರೆ ಗಾಡಿಗಳನ್ನು ನಿಲ್ಲಿಸುವ ಫಲಕವನ್ನು ಮಡಚಿ, ಬಸ್ಸನ್ನು ಮುಂದಕ್ಕೆ ಬಿಟ್ಟಳು.